ಗುಬ್ಬಿಗೆ ಗೊರಸು

ಗ್ಯಾರೇಜಿನ ನೆಲದ ಮೇಲೆ ಪುಟ್ಟಿ ಸೀಮೆಸುಣ್ಣದಿಂದ ಒಂದು ಗೆರೆ ಎಳೆದಳು. ಹೊಸ ಟೈರಿನ ಅಂಚಿಗೂ ಒಂದು ಗುರುತು ಹಾಕಿ, ಅದು ಗೆರೆಯ ಮೇಲೆ ಬರುವಂತೆ ಕಾರನ್ನು ನಿಲ್ಲಿಸಿಕೊಂಡಳು.

"ಈಗ ತಳ್ಳಿ. ನಿಧಾನ."

ಅತ್ತಿಗೆಯೂ ಮಾವನೂ ಹಿಂದಿನಿಂದ ತಳ್ಳಿದರು. ಚಕ್ರ ಪೂರ್ತಿ ಒಂದು ಸುತ್ತು ತಿರುಗಿ ಗುರುತು ಮತ್ತೆ ನೆಲ ಮುಟ್ಟಿದಲ್ಲಿ ಪುಟ್ಟಿ ಇನ್ನೊಂದು ಗೆರೆ ಎಳೆದಳು. ಟೇಪು ಹಿಡಿದು ಅಳೆದಳು. ಮತ್ತೆ ಅಳೆದಳು.

"ಹಳೇ ಟೈರಿಗಿಂತ ನೂರಕ್ಕೆ ಐದು ಜಾಸ್ತಿ. ಮೀಟರು ನೂರು ತೋರಿಸಿದ್ರೆ ನಾವು ನಿಜಕ್ಕೂ ನೂರೈದು ಹೋಗಿರ್ತೀವಿ. ಮರೀಬೇಡಿ."

"ಮರೆಯೋಕೆ ನೀನು ಬಿಟ್ಟರೆ ತಾನೆ?" ಎಂದಳು ಅತ್ತಿಗೆ.

ಮನೆಯಲ್ಲಿ ಪುಟ್ಟಿಯಾದವಳು ಕಚೇರಿಯಲ್ಲಿ ಅಳತೆ ಮೇಡಂ. ಅಂಗಡಿಗಳ ತಕ್ಕಡಿ, ಟ್ಯಾಕ್ಸಿಗಳ ಮೀಟರು ಪರೀಕ್ಷಿಸಿ ಮುದ್ರೆ ಹಾಕುವುದು ಅವಳ ಕೆಲಸ. ಅತ್ತಿಗೆ ಟ್ಯಾಕ್ಸಿ ಓಡಿಸುತ್ತಿದ್ದಳು. ಪೆಟ್ರೋಲಿಗೂ ಬ್ಯಾಟರಿಗೂ ಓಡುವ ಈ ಪುಟ್ಟ ಹೈಬ್ರಿಡ್ ಕಾರೇ ಮನೆಯ ಅನ್ನ. ಅದಕ್ಕೆ ದೊಡ್ಡ ಟೈರು ತೊಡಿಸುತ್ತಿದ್ದವರು ಅತ್ತಿಗೆಯ ಸೋದರಮಾವ. ಟೈರು ಅಂಗಡಿಯಲ್ಲೇ ತಲೆ ನರೆಸಿಕೊಂಡವರು.

ಟೈರು ತೊಡಿಸುವುದೆಂದರೆ ಬಿಚ್ಚಿ ಹಾಕಿದಷ್ಟು ಸುಲಭವಾಗಿರಲಿಲ್ಲ. ಸ್ಟೀರಿಂಗ್ ಪೂರ್ತಿ ತಿರುಗಿಸಿದರೆ ಮುಂದಿನ ಟೈರಿನ ಭುಜ ಒಳಗಿನ ಪ್ಲಾಸ್ಟಿಕ್ ಹೊದಿಕೆಗೆ ಉಜ್ಜುತ್ತಿತ್ತು. ಮಾವ ಅದನ್ನು ಬಿಸಿ ಮಾಡಿ ಒಳಕ್ಕೆ ಒತ್ತಿದರು, ಒತ್ತಲಾಗದ ಕಡೆ ಕತ್ತರಿಸಿದರು. ಹಿಂದಿನ ಸ್ಪ್ರಿಂಗುಗಳ ಕೆಳಗೆ ದಪ್ಪ ರಬ್ಬರ್ ಬಿಲ್ಲೆ ಕೂರಿಸಿ ಕಾರಿನ ಸೊಂಟ ಎತ್ತಿದರು.

"ಟೈರು ಭಾರ ತಡೆಯುತ್ತೆ, ಸ್ಪ್ರಿಂಗಿನ ಮಾತು ನಾನು ಕೊಡಲ್ಲ," ಎಂದರು. "ಚಕ್ರ ದೊಡ್ಡದಾದಷ್ಟೂ ಏರಿನಲ್ಲಿ ಎಳೆಯೋ ಶಕ್ತಿ ಕಡಿಮೆ. ಮೋಟಾರು ಬಿಸಿ ಆದ್ರೆ ನಿಂತುಬಿಡಿ, ಹಟ ಮಾಡಬೇಡಿ. ಇನ್ನೊಂದು. ಹಿಂದಿನ ಸೀಟಿನ ಪಕ್ಕ ಈ ಜಾಲರಿ ಇದೆಯಲ್ಲ, ಬ್ಯಾಟರಿ ಉಸಿರಾಡೋದು ಇಲ್ಲಿಂದ. ಇದರ ಮುಂದೆ ಸಾಮಾನಿಟ್ಟರೆ ಮೂಗು ಮುಚ್ಚಿ ಬೆಟ್ಟ ಹತ್ತಿಸಿದ ಹಾಗೆ."

ಮೂಲೆಯ ಕುರ್ಚಿಯಲ್ಲಿ ಮಡಿಸಲಾಗದ ಕಾಲನ್ನು ಡಬ್ಬದ ಮೇಲೆ ಚಾಚಿ ಕೂತಿದ್ದ ಅಣ್ಣ ಮುಂದಕ್ಕೆ ಬಾಗಿದ.

"ಪೆಟ್ಟಿಗೆ ಮೂರಿವೆ," ಎಂದ. "ಕೊಡೆ ಬಂಡೆಯ ಕೆಳಗೆ, ಒಳಗೋಡೆಗೆ ಒತ್ತಿ ಇಡಿಸಿದ್ದೀನಿ. ಮಲಗಿಸಿಯೇ ತರಬೇಕು."

ಹೋದ ವರ್ಷ ಅವನು ಉಪ್ಪಿನ ಬಯಲಿನಾಚೆ ನೆಲ ಕೊರೆದು, ಉದ್ದುದ್ದ ಮಣ್ಣಿನ ಕೋಲುಗಳನ್ನು ಪದರ ಕೆಡದಂತೆ ಹೊರತೆಗೆದಿದ್ದ. ಉಪ್ಪಿನ ಅಡಿಯಲ್ಲಿ ಸಿಹಿನೀರಿದೆ ಎಂಬುದಕ್ಕೆ ಅವೇ ಸಾಕ್ಷಿ. ತಂಡದ ಯಜಮಾನನನ್ನು ಎಲ್ಲರೂ ದಂಡನಾಯಕ ಎನ್ನುತ್ತಿದ್ದರು. ಹಾಗೆ ಕರೆಸಿಕೊಳ್ಳುವುದು ಅವನಿಗೂ ಇಷ್ಟ. ಹಿಂತಿರುಗುವ ಹೊತ್ತಿಗೆ ಕಲ್ಲು ಜಾರಿ ಅಣ್ಣನ ಕಾಲು ಮುರಿಯಿತು. ದಂಡನಾಯಕ ತನ್ನ ಫೋಟೋಗಳೆಲ್ಲ ಮುಗಿಯುವ ತನಕ ಹೊರಡಲಿಲ್ಲ. ಹೊರಟಾಗ, "ಟ್ರಕ್ಕಿನಲ್ಲಿ ಜಾಗವಿಲ್ಲ" ಎಂದು ಪೆಟ್ಟಿಗೆಗಳನ್ನು ಇಳಿಸಿದ. ಅವನ ಐಸ್ ಪೆಟ್ಟಿಗೆ ಬಂತು, ಮಡಿಸುವ ಕುರ್ಚಿಗಳು ಬಂದವು. ಆ ಕುರ್ಚಿಗಳ ಮೇಲೆಯೇ ಅಣ್ಣನನ್ನು ಮಲಗಿಸಿ ತಂದಿದ್ದ. ಕಾಲು ಸೊಟ್ಟಗೆ ಕೂಡಿಕೊಂಡಿತು. ಆಮೇಲೆ ಕೆಲಸಕ್ಕೆ ಕಳಿಸಿದ ದೊಡ್ಡವರ ಮುಂದೆ ನಿಂತು, "ಅವನು ಒಂದು ಗುಂಡಿಯನ್ನೂ ಕೊರೆಯಲಿಲ್ಲ" ಎಂದುಬಿಟ್ಟ.

ಈಗ ಅದೇ ಪೆಟ್ಟಿಗೆಗಳನ್ನು ತನ್ನ ಹೆಸರಿನಲ್ಲಿ ತರಲು ಹೊರಟಿದ್ದಾನೆ. ಬಯಲಿನ ಗೇಟಿನಲ್ಲಿ ಯಾರ ಗಾಡಿಯಲ್ಲಿ ಏನು ಹೊರಬರುತ್ತದೋ ಅದು ಅವರದೇ ಸಂಶೋಧನೆ ಎಂದು ದಾಖಲಾಗುತ್ತದೆ.

"ಅವನಿಗಿಂತ ಮೊದಲು ತರ್ತೀನಿ," ಎಂದಳು ಪುಟ್ಟಿ. "ಅಷ್ಟೇ ಅಲ್ಲ ಅಣ್ಣ. ಅವನು ಅಲ್ಲಿ ಕೂತು ಅಳಬೇಕು."

"ನನಗೆ ಪೆಟ್ಟಿಗೆ ಬಂದರೆ ಸಾಕು."

"ನನಗೆ ಸಾಲಲ್ಲ."

*

ಬೆಳಗಿನ ಬಿಸಿಲಿಗೆ ಗೇಟಿನ ಕಂಬಿಗಳು ಇನ್ನೂ ಕಾಯ್ದಿರಲಿಲ್ಲ. ದಂಡನಾಯಕನ ಟ್ರಕ್ಕು ಅವರ ಹಿಂದೆಯೇ ಬಂದು ನಿಂತಿತು. ಅವನು ಇಳಿದು ಬಂದು ಪುಟ್ಟ ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿದ. ಬೂಟಿನ ತುದಿಯಿಂದ ಟೈರಿಗೆ ತಟ್ಟಿದ.

"ಏನಮ್ಮಾ ಇದು! ಗುಬ್ಬಿಗೆ ಗೊರಸು ಕಟ್ಟಿದ್ದೀರಲ್ಲ!"

ಅವನ ಡ್ರೈವರು ತಲೆ ತಗ್ಗಿಸಿದ. ಅಣ್ಣನನ್ನು ಟ್ರಕ್ಕಿನಿಂದ ಎತ್ತಿ ಆಸ್ಪತ್ರೆಯೊಳಗೆ ಹೊತ್ತೊಯ್ದವನು ಅವನೇ.

"ನಿಮ್ಮ ಯಜಮಾನರ ಕಾಲು ಹೇಗಿದೆ?" ಎಂದು ದಂಡನಾಯಕ ಅತ್ತಿಗೆಯನ್ನು ಕೇಳಿದ.

"ನಿಮ್ಮ ಕುರ್ಚಿಗಳು ಚೆನ್ನಾಗಿವೆಯಾ?" ಎಂದಳು ಅತ್ತಿಗೆ.

ಗೇಟಿನವನು ನಿಯಮ ಹೇಳಿದ. ಒಳಗೆ ಹೋದವರು ಪ್ರತಿ ತಿರುವಿನಲ್ಲೂ ನಿಂತು, ಗೇಟಿನಿಂದ ಎಷ್ಟು ಕಿಲೋಮೀಟರು ಎಂಬ ಮೀಟರಿನ ಅಂಕಿ, ತಿರುಗಿದ ದಿಕ್ಕು, ಗಾಡಿಯಲ್ಲಿರುವ ಜನ ಮತ್ತು ಸಾಮಾನನ್ನು ವೈರ್‌ಲೆಸ್‌ನಲ್ಲಿ ಹೇಳಬೇಕು. ದಾರಿ ತಪ್ಪಿದರೆ ಹುಡುಕುವುದಕ್ಕೆ ಅದೊಂದೇ ಆಧಾರ. ಒಂದೇ ಚಾನೆಲ್ಲು, ಎಲ್ಲರಿಗೂ ಕೇಳಿಸುತ್ತದೆ.

"ಟೈರು ಬದಲಾಯಿಸಿದ್ದೀರಾ?"

"ನೂರಕ್ಕೆ ಐದು ಜಾಸ್ತಿ," ಎಂದಳು ಪುಟ್ಟಿ. ಅವನು ಬಾಗಿಲ ಬಳಿಯ ಕರಿಹಲಗೆಯ ಮೇಲೆ ಅದನ್ನು ಬರೆದ. ದಂಡನಾಯಕ ಹಲಗೆಗೆ ಬೆನ್ನು ಕೊಟ್ಟು ನಿಂತು ಇನ್ನೂ ಟೈರು ನೋಡಿ ನಗುತ್ತಿದ್ದ.

"ನೀವೇ ಮುಂದೆ ಹೋಗಿ," ಎಂದ ಉದಾರವಾಗಿ. "ಹೋದ ಮಳೆಗೆ ದಾರಿಯೆಲ್ಲ ಬದಲಾಗಿದೆ. ನೀವು ಹುಡುಕಿ, ನಾವು ಕೇಳಿಸ್ಕೊಂಡು ಬರ್ತೀವಿ. ಬಯಲಲ್ಲಿ ಸಿಗೋಣ."

ಬಯಲು ಸಿಕ್ಕರೆ ಆ ಟ್ರಕ್ಕು ತಮ್ಮನ್ನು ಹಿಂದೆ ಹಾಕಿ ಧೂಳು ತಿನ್ನಿಸುತ್ತದೆ ಎಂಬುದು ಪುಟ್ಟಿಗೂ ಗೊತ್ತಿತ್ತು.

*

ಗೇಟು ದಾಟಿದ ಮೇಲೆ ಬತ್ತಿದ ಹೊಳೆಯೇ ದಾರಿ. ಒಂದು ಕಾಲದಲ್ಲಿ ಇಲ್ಲಿ ಹರಿದ ನೀರು ಎರಡೂ ಬದಿಯ ಬಂಡೆಗಳನ್ನು ಕೊರೆದು ಗೋಡೆಗಳಂತೆ ನಿಲ್ಲಿಸಿತ್ತು. ಗೋಡೆಯ ಬುಡ ಬೂದಿ ಬಣ್ಣ, ನಡು ಇಟ್ಟಿಗೆ ಕೆಂಪು, ತುದಿಯಲ್ಲಿ ಬಿಸಿಲು ಕುಡಿದು ಹಳದಿಗಟ್ಟಿದ ಪದರ. ಎಡಗೋಡೆಯಲ್ಲಿ ಅಲ್ಲಲ್ಲಿ ಸೀಳುಗಳು. ಎಲ್ಲವೂ ಒಂದೇ ತಾಯಿಯ ಮಕ್ಕಳಂತಿದ್ದವು. ಯಾವುದೋ ಒಂದು ಸೀಳಿನಾಚೆ ಗಟ್ಟಿ ನೆಲ, ಕೊಡೆ ಬಂಡೆ. ಉಳಿದವುಗಳ ಆಚೆ ಏನಿದೆಯೆಂದು ಹೊಕ್ಕು ನೋಡಿದವರಿಗಷ್ಟೇ ಗೊತ್ತು.

ಕಾರು ಬ್ಯಾಟರಿಯಲ್ಲಿ ಸದ್ದಿಲ್ಲದೆ ತೆವಳುತ್ತಿತ್ತು. ಮಾವ ಟೈರಿನ ಗಾಳಿ ಇಳಿಸಿದ್ದರಿಂದ ರಬ್ಬರು ಕಲ್ಲುಗಳನ್ನು ಅಪ್ಪಿಕೊಂಡು ದಾಟುತ್ತಿತ್ತು. ಹಳೆಯ ಟೈರಾಗಿದ್ದರೆ ಹೊಟ್ಟೆ ಕೆರೆದುಹೋಗುತ್ತಿದ್ದ ಬಂಡೆಗಳು ಈಗ ಬೆರಳಿನಷ್ಟು ಅಂತರದಲ್ಲಿ ಉಳಿದುಕೊಳ್ಳುತ್ತಿದ್ದವು.

ಒಂದು ಏರಿನಲ್ಲಿ ಮೋಟಾರು ಸೋತಿತು. ಕೆಂಪು ದೀಪ ಹತ್ತಿತು. ಕಾರು ಹಿಂದಕ್ಕೆ ಜಾರಿತು.

"ಕಲ್ಲು! ಕಲ್ಲು ಕೊಡಿ!" ಅತ್ತಿಗೆ ಕೂಗಿದಳು.

ಪುಟ್ಟಿ ಹಾರಿಕೊಂಡು ಹಿಂದಿನ ಚಕ್ರಕ್ಕೆ ಬಂಡೆ ಒತ್ತಿದಳು. ಕಾರು ಒರಗಿ ನಿಂತಿತು. ಮಾವ ಬಾಗಿಲು ತೆಗೆದು ನೋಡಿದರೆ, ಬ್ಯಾಟರಿಯ ಜಾಲರಿಯ ಮೇಲೆ ಅವರದೇ ಹೊದಿಕೆ ಬಿದ್ದಿತ್ತು.

"ಯಾರಪ್ಪಾ ಮೂಗು ಮುಚ್ಚಿದ್ದು?" ಎಂದಳು ಅತ್ತಿಗೆ.

"ನಿದ್ದೆಯಲ್ಲಿ ಜಾರಿರಬೇಕು," ಎಂದು ಮಾವ ಗೊಣಗಿ ಹೊದಿಕೆಯನ್ನು ಕುತ್ತಿಗೆಗೆ ಸುತ್ತಿಕೊಂಡರು. ಬಿಸಿ ಇಳಿದ ಮೇಲೆ ಇಬ್ಬರು ತಳ್ಳಿ, ಒಬ್ಬಳು ಓಡಿಸಿ, ಏರು ದಾಟಿದರು.

ಮೀಟರು ಮೂವತ್ತೆಂಟು ತೋರಿಸುತ್ತಿದ್ದಾಗ ಎಡಕ್ಕೆ ಅಗಲವಾದ ಸೀಳೊಂದು ಕಂಡಿತು. ಅದರಾಚೆ ಬಿಳುಪಾದ, ಹಾಸಿದಂಥ ನೆಲ. ಅತ್ತಿಗೆ ಸ್ಟೀರಿಂಗ್ ತಿರುಗಿಸುವುದರಲ್ಲಿದ್ದಳು. ಪುಟ್ಟಿ ತಡೆದು, ಕಬ್ಬಿಣದ ಸಲಾಕೆ ಹಿಡಿದು ನಡೆದುಹೋದಳು. ಕುಟ್ಟಿದಳು. ಸಲಾಕೆ ಮೇಲಿನ ಉಪ್ಪಿನ ಹಕ್ಕಳೆಯನ್ನು ತೂತು ಮಾಡಿ ಒಂದು ಮೊಳ ಇಳಿಯಿತು. ಎಳೆದಾಗ ತುದಿಯಲ್ಲಿ ಕಪ್ಪು ಕೆಸರು.

"ಇದಲ್ಲ. ಮುಂದೆ."

ಮೀಟರು ನಲವತ್ತಕ್ಕೆ ಬಂದಾಗ ಅಂಥದೇ ಇನ್ನೊಂದು ಸೀಳು. ಇಲ್ಲಿ ಸಲಾಕೆ ಟಣ್ಣೆಂದಿತು. ದೂರದಲ್ಲಿ ಕೊಡೆ ಬಂಡೆಯ ತುದಿಯೂ ಕಂಡಿತು.

ಪುಟ್ಟಿ ವೈರ್‌ಲೆಸ್ ಕೈಗೆತ್ತಿಕೊಂಡಳು. ಹತ್ತು ವರ್ಷದ ಕೆಲಸದಲ್ಲಿ ಅವಳು ಒಂದು ತಪ್ಪು ತೂಕದ ಕಲ್ಲಿಗೂ ಮುದ್ರೆ ಹಾಕಿದವಳಲ್ಲ.

"ನಮ್ಮ ಮೀಟರು ನಲವತ್ತು. ಎಡಕ್ಕೆ ತಿರುಗ್ತಿದ್ದೀವಿ. ಮೂರು ಜನ. ಸಾಮಾನು ಗುಡಾರ, ಒಲೆ, ಸ್ಟೆಪ್ನಿ, ಅಷ್ಟೇ."

ಗೇಟಿನವನು "ಸರಿ" ಎಂದ. ಅವನ ಮುಂದೆ ಹಲಗೆಯಿತ್ತು.

ಅತ್ತಿಗೆ ಎಂಜಿನ್ನು ಆರಿಸದೆ ಅವಳ ಮುಖವನ್ನೇ ನೋಡಿದಳು. "ನಮ್ಮ ನಲವತ್ತು ಅಂದ್ರೆ ನಿಜಕ್ಕೆ ನಲವತ್ತೆರಡು. ಅವನ ಟ್ರಕ್ಕು ನಲವತ್ತು ತೋರಿಸೋ ಹೊತ್ತಿಗೆ ಎಲ್ಲಿರುತ್ತೆ ಗೊತ್ತಾ?"

"ಗೊತ್ತು. ಆ ಕೆಸರಿನ ಬಾಯಲ್ಲಿ."

"ಹೇಳಲ್ವಾ?"

"ಟೈರು ನೋಡಿ ನಕ್ಕನಲ್ಲ. ನಗಲಿ."

ಹಿಂದಿನ ಸೀಟಿನಲ್ಲಿ ಮಾವ ಕೆಮ್ಮಿದರು. ಅತ್ತಿಗೆ ಕಾರು ತಿರುಗಿಸಿದಳು. ಅವಳ ತುಟಿಯಂಚಿನಲ್ಲಿ ನಗುವೂ ಇತ್ತು.

*

ಕೊಡೆ ಬಂಡೆಯ ಕೆಳಗೆ ನೆರಳು ತಣ್ಣಗಿತ್ತು. ಮೂರು ಪೆಟ್ಟಿಗೆಗಳೂ ಒಳಗೋಡೆಗೆ ಒತ್ತಿ ಕೂತಿದ್ದವು. ಅವುಗಳ ಮೇಲೆ ಹರಡಿ, ನಾಲ್ಕು ಮೂಲೆಗೂ ಕಲ್ಲು ಹೇರಿದ್ದದ್ದು ಅಣ್ಣನ ಮಳೆಕೋಟು.

ಅತ್ತಿಗೆ ಅದನ್ನು ಕೈಯಲ್ಲಿ ಹಿಡಿದು ನಿಂತಳು. "ಮೈಯೆಲ್ಲ ನೆನೆದು ಜ್ವರ ಹತ್ತಿಸಿಕೊಂಡು ಬಂದಿದ್ದರು. ಕೋಟು ಎಲ್ಲಿ ಅಂದ್ರೆ ಕಳೆದುಹೋಯ್ತು ಅಂದರು."

ಮುರಿದ ಕಾಲಿನಲ್ಲಿ ತೆವಳಿ ಆ ಕಲ್ಲುಗಳನ್ನು ಅವನು ಹೇಗೆ ಎತ್ತಿಟ್ಟನೋ. ಪುಟ್ಟಿಗೆ ಮೈಯೆಲ್ಲ ಉರಿಯಿತು. ಕೆಸರು ಇನ್ನೂ ಆಳವಾಗಿರಲಿ ಎಂದುಕೊಂಡಳು.

ಒಂದೊಂದು ಪೆಟ್ಟಿಗೆಯೂ ಹತ್ತು ವರ್ಷದ ಮಗುವಿನಷ್ಟು ಭಾರ. ಎರಡನ್ನು ಹಿಂದೆ, ಚಕ್ರಗಳ ಅಚ್ಚಿಗಿಂತ ಮುಂದಕ್ಕೆ ಬರುವಂತೆ ಮಲಗಿಸಿದರು. ಮೂರನೆಯದು ಎಲ್ಲಿಟ್ಟರೂ ಜಾಲರಿಗೆ ಅಡ್ಡ ಬರುತ್ತಿತ್ತು. ಕೊನೆಗೆ ಹಿಂದಿನ ಸೀಟಿನ ಮೇಲೆ ಬೆಲ್ಟು ಬಿಗಿದು ಕೂರಿಸಿದರು. ಮಾವ ಹಿಂದಿನ ಟೈರುಗಳಿಗೆ ಮತ್ತೆ ಗಾಳಿ ತುಂಬಿದರು.

"ಇನ್ನು ನಿಮ್ಮಪ್ಪನಾಣೆಗೂ ಹೆಚ್ಚಿಗೆ ಭಾರ ಬೇಡ," ಎಂದರು.

*

ಹಿಂತಿರುಗುವಾಗ ಆ ಅಗಲವಾದ ಸೀಳಿನ ಹತ್ತಿರ ಅತ್ತಿಗೆ ನಿಧಾನ ಮಾಡಿದಳು. ದೊಡ್ಡ ಚಕ್ರದ ಗುರುತುಗಳು ಸೀದಾ ಒಳಗೆ ಹೋಗಿದ್ದವು. ವೈರ್‌ಲೆಸ್ ಗರಗರ ಎಂದಿತು. ಸೀಳಿನೊಳಗಿನಿಂದ ಬರುವ ಮಾತು ಗೋಡೆ ದಾಟಿ ಗೇಟಿಗೆ ಮುಟ್ಟುವಂತಿರಲಿಲ್ಲ. ಇಷ್ಟು ಹತ್ತಿರ ಬಂದವರಿಗಷ್ಟೇ ಕೇಳಿಸುತ್ತಿತ್ತು.

"ಯಾರಾದ್ರೂ ಇದ್ದೀರಾ... ಅಕ್ಕಾ... ಕೈ ಸುಟ್ಟಿದೆ..." ಡ್ರೈವರನ ದನಿ.

ಅವರು ಇಳಿದು ಸೀಳಿನ ಬಾಯಿಗೆ ಹೋಗಿ ನೋಡಿದರು. ಟ್ರಕ್ಕು ಮೂತಿಯವರೆಗೆ ಹೂತಿತ್ತು. ಪಕ್ಕದಲ್ಲಿ, ಉಪ್ಪಿನ ಹಕ್ಕಳೆಯ ಮೇಲೆ, ಎರಡು ಮಡಿಸುವ ಕುರ್ಚಿಗಳು. ಒಂದರಲ್ಲಿ ದಂಡನಾಯಕ ಕೊಡೆ ಹಿಡಿದು ಕೂತಿದ್ದ. ಇನ್ನೊಂದರಲ್ಲಿ ಡ್ರೈವರು ತೋಳನ್ನು ಎದೆಗವಚಿಕೊಂಡು ಬಾಗಿದ್ದ.

ಪುಟ್ಟಿ ಬಯಸಿದ್ದು ಇದೇ ದೃಶ್ಯ. ಒಂದು ಕುರ್ಚಿ ಮಾತ್ರ ಹೆಚ್ಚಿಗೆ ಇತ್ತು.

"ಮಾಡಿದ್ದುಣ್ಣೋ ಮಹರಾಯ," ಎಂದಳು ಅತ್ತಿಗೆ. "ಹೋಗೋಣ. ಗೇಟಿನವರು ನಾಳೆ ಬಂದು ಎತ್ತಿಕೊಳ್ತಾರೆ."

"ಡ್ರೈವರು?"

"ಅವನು ಏನು ಮಾಡಿದ್ದ ಪಾಪ..." ಎಂದಳು ಅತ್ತಿಗೆ.

"ಸುಳ್ಳು ತೂಕದ ಕಲ್ಲು ಒಬ್ಬ ಗಿರಾಕಿಗೆ ಮಾತ್ರ ಮೋಸ ಮಾಡಲ್ಲ ಅತ್ತಿಗೆ. ದಿನಾ ಬೇರೆಯವರಿಗೆ ಇದೇ ಪಾಠ ಹೇಳ್ತೀನಿ." ಪುಟ್ಟಿ ಸಲಾಕೆ ಎತ್ತಿಕೊಂಡಳು. "ಮಾವ, ಹಗ್ಗ ಕೊಡಿ."

ಹಗ್ಗ ಸೊಂಟಕ್ಕೆ ಕಟ್ಟಿ, ಕುಟ್ಟಿ ನೋಡುತ್ತ, ಒಂದೊಂದೇ ಹೆಜ್ಜೆ ಇಟ್ಟಳು. ಹಕ್ಕಳೆ ಕಾಲಡಿಯಲ್ಲಿ ಕರಕರ ಎಂದಿತು. ನಡುವೆ ಎಡಗಾಲು ಸೀಳಿಕೊಂಡು ಇಳಿಯಿತು.

ತೊಡೆಯವರೆಗೆ ತಣ್ಣನೆ ಕೆಸರು.

"ಎಳೀರಿ!"

ಮಾವನೂ ಅತ್ತಿಗೆಯೂ ಎಳೆದರು. ಕಾಲು ಬಂತು, ಬೂಟು ಬರಲಿಲ್ಲ. ಅವಳು ಬರಿಗಾಲಿನಲ್ಲೇ ಮುಂದುವರಿದಳು. ಡ್ರೈವರನ ತೋಳು ರೇಡಿಯೇಟರಿನ ಬಿಸಿನೀರಿಗೆ ಬೆಂದು ಬೊಬ್ಬೆ ಎದ್ದಿತ್ತು.

ದಂಡನಾಯಕ ಎದ್ದು ನಿಂತ. "ಬಂದ್ರಾ? ಒಳ್ಳೇದಾಯ್ತು. ನಿಮ್ಮ ಪೆಟ್ಟಿಗೆಗಳನ್ನ ಇಲ್ಲೇ ಇಳಿಸಿ. ಜನ ಮೊದಲು. ನನ್ನವರು ಬಂದು ತರ್ತಾರೆ."

"ಜನ ಮೊದಲು," ಎಂದಳು ಪುಟ್ಟಿ. "ಅದಕ್ಕೇ ನಮ್ಮ ಗುಡಾರ ಇಳಿಯುತ್ತೆ, ಒಲೆ ಇಳಿಯುತ್ತೆ, ಸ್ಟೆಪ್ನಿ ಇಳಿಯುತ್ತೆ. ಪೆಟ್ಟಿಗೆ ಇಳಿಯಲ್ಲ."

"ಕುರ್ಚಿ?"

ಅವಳು ಡ್ರೈವರನ ಸೊಂಟಕ್ಕೆ ಹಗ್ಗ ಸುತ್ತಿದಳು.

ಎಲ್ಲರೂ ಗಟ್ಟಿ ನೆಲಕ್ಕೆ ಬಂದ ಮೇಲೆ, ಡ್ರೈವರನ್ನು ಮುಂದಿನ ಸೀಟಿನಲ್ಲಿ ಕೂರಿಸಿ ತೋಳಿಗೆ ಒದ್ದೆ ಬಟ್ಟೆ ಸುತ್ತಿದರು. ಸಾಮಾನೆಲ್ಲ ಇಳಿಸಿದ ಮೇಲೂ ಕಾರಿನ ಹಿಂಭಾಗ ತಗ್ಗಿತ್ತು. ಹಿಂದಿನ ಸೀಟಿನಲ್ಲಿ ಮಾವ, ಪುಟ್ಟಿ, ದಂಡನಾಯಕ. ಮೂರನೆಯ ಪೆಟ್ಟಿಗೆಗೆ ಜಾಗವಿಲ್ಲ.

"ಜಾಲರಿಗೆ ಅಡ್ಡ ಇಡೋ ಹಾಗಿಲ್ಲ," ಎಂದರು ಮಾವ ಗಂಭೀರವಾಗಿ.

"ಇವರ ತೊಡೆ ಮೇಲೆ ಇಡಿ," ಎಂದಳು ಪುಟ್ಟಿ.

"ಇದನ್ನಾ? ಗೇಟಿನ ತನಕಾನಾ?"

"ಮಲಗಿಸಿ ಹಿಡ್ಕೊಳ್ಳಿ. ಪದರ ಕೆಡಬಾರದು. ಇಷ್ಟವಿಲ್ಲದಿದ್ರೆ ಕುರ್ಚಿ ಇನ್ನೂ ಅಲ್ಲೇ ಇದೆ."

ಅವನು ಕುರ್ಚಿಗಳ ಕಡೆ ನೋಡಿದ. ಪೆಟ್ಟಿಗೆಗೆ ಕೈ ಚಾಚಿದ.

ಹೊಳೆಯ ಕಲ್ಲುಗಳಲ್ಲಿ ಕಾರು ಮಗುವಿನಂತೆ ಹೆಜ್ಜೆ ಹಾಕಿತು. ಇಳಿಜಾರು ಬಂದಾಗ ನಡೆಯಬಲ್ಲವರೆಲ್ಲ ಇಳಿದು, ಚಕ್ರದ ಮುಂದಿನ ಕಲ್ಲು ಸರಿಸುತ್ತ ನಡೆದರು. ಪುಟ್ಟಿಯ ಒಂದು ಕಾಲಿಗೆ ಮಾವನ ಹೊದಿಕೆಯ ಚೂರು ಸುತ್ತಿತ್ತು. ಪಕ್ಕದಲ್ಲಿ ದಂಡನಾಯಕ ಪೆಟ್ಟಿಗೆ ಹೊತ್ತು ಏದುಸಿರು ಬಿಡುತ್ತಿದ್ದ.

"ಬೇಕಂತಲೇ ಮಾಡಿದ್ರಾ?" ಎಂದ.

"ಹೌದು."

"ಸುಳ್ಳು ಅಂಕಿ ಹೇಳಿದ್ರಿ!"

"ಮೀಟರು ತೋರಿಸಿದ್ದನ್ನೇ ಹೇಳಿದೆ. ಟೈರು ದೊಡ್ಡದು ಅಂತ ಹಲಗೆ ಮೇಲಿತ್ತು. ನೀವು ಅದಕ್ಕೆ ಬೆನ್ನು ಕೊಟ್ಟಿದ್ರಿ." ಅವಳು ಒಂದು ಕಲ್ಲನ್ನು ಎತ್ತಿ ಬದಿಗೆಸೆದಳು. "ಆದ್ರೂ ನಾನು ಬಾಯಿಬಿಟ್ಟು ಹೇಳಬೇಕಿತ್ತು. ನಿಮಗೋಸ್ಕರ ಅಲ್ಲ, ಆ ಡ್ರೈವರಿಗೋಸ್ಕರ."

ಮೊದಲ ತಿರುವಿನಲ್ಲಿ ಅವಳು ವೈರ್‌ಲೆಸ್‌ನಲ್ಲಿ ಅದನ್ನೇ ಹೇಳಿದಳು. "ನನ್ನ ಅಂಕಿಗಳಿಗೆ ನೂರಕ್ಕೆ ಐದು ಸೇರಿಸಿಕೊಳ್ಳಿ. ಬೆಳಿಗ್ಗೆ ವೈರ್‌ಲೆಸ್‌ನಲ್ಲಿ ನಾನು ಅದನ್ನು ಹೇಳಲಿಲ್ಲ. ಅದರಿಂದ ಒಂದು ಗಾಡಿ ಹೂತಿದೆ, ಒಬ್ಬರಿಗೆ ಗಾಯವಾಗಿದೆ. ಆಸ್ಪತ್ರೆಗೆ ಗಾಡಿ ಸಿದ್ಧವಿರಲಿ. ನಮ್ಮಲ್ಲಿ ಐದು ಜನ."

"ಸಾಮಾನು?" ಎಂದ ಗೇಟಿನವನು.

ಪುಟ್ಟಿ ವೈರ್‌ಲೆಸ್ಸನ್ನು ದಂಡನಾಯಕನ ಬಾಯಿಯ ಹತ್ತಿರ ಹಿಡಿದಳು. "ಹೊತ್ತವರೇ ಹೇಳಲಿ."

ಅವನು ಮುಖ ತಿರುಗಿಸಿದ. ಅತ್ತಿಗೆ ಕಾರಿನ ಎಂಜಿನ್ನು ಆರಿಸಿಬಿಟ್ಟಳು. ಡ್ರೈವರು ಮುಂದಿನ ಸೀಟಿನಿಂದ ಮೆಲ್ಲನೆ, "ಹೇಳಿಬಿಡಿ ಸಾರ್, ಕೈ ಉರೀತಿದೆ," ಎಂದ.

"ಮೂರು ಪೆಟ್ಟಿಗೆ," ಎಂದ ದಂಡನಾಯಕ.

"ಏನಿದೆ? ಯಾರು ಕೊರೆದದ್ದು?" ಗೇಟಿನವನ ದನಿ.

"ಮಣ್ಣಿನ ಕೋಲು." ಅವನು ಪೆಟ್ಟಿಗೆಯನ್ನು ಸರಿಯಾಗಿ ಹಿಡಿದುಕೊಂಡ. "ಇವರ ಅಣ್ಣ ಕೊರೆದದ್ದು. ಹೋದ ವರ್ಷ."

ಚಾನೆಲ್ಲಿನಲ್ಲಿ ಎಲ್ಲಿಂದಲೋ ಯಾರೋ ಸೀಟಿ ಹೊಡೆದರು. ಉಳಿದ ಪ್ರತಿ ತಿರುವಿನಲ್ಲೂ ನಿಯಮದ ಪ್ರಕಾರ ಅದೇ ಮಾತನ್ನು ಮತ್ತೆ ಹೇಳಬೇಕಾಯಿತು. ಪ್ರತಿಸಲವೂ ಪುಟ್ಟಿ ವೈರ್‌ಲೆಸ್ಸನ್ನು ಅವನ ಕಡೆಗೇ ಚಾಚಿದಳು.

*

ಸಂಜೆಯ ಬಿಸಿಲು ಬಂಡೆಗಳ ತುದಿಗೆ ಏರಿದ್ದಾಗ ಗೇಟು ಕಂಡಿತು. ಆಸ್ಪತ್ರೆಯ ಗಾಡಿ ಕಾದಿತ್ತು. ಹತ್ತುವ ಮುಂಚೆ ಡ್ರೈವರು ಪುಟ್ಟಿಯ ಮುಂದೆ ನಿಂತ. ಅವಳು ಕ್ಷಮೆ ಕೇಳಿದಳು. ಅವನು, "ಬಂದ್ರಲ್ಲ ಅಕ್ಕ," ಎಂದಷ್ಟೇ ಹೇಳಿದ.

ಕಂಬಿಯ ಪಕ್ಕದಲ್ಲಿ ಊರುಗೋಲಿನ ಮೇಲೆ ಅಣ್ಣ ನಿಂತಿದ್ದ. ಮಧ್ಯಾಹ್ನವೇ ಬಂದು ಗೇಟುಮನೆಯಲ್ಲಿ ಕೂತು ಎಲ್ಲವನ್ನೂ ಕೇಳಿಸಿಕೊಂಡಿದ್ದ. ದಂಡನಾಯಕ ಮರಗಟ್ಟಿದ ಕಾಲುಗಳನ್ನು ಎಳೆದುಕೊಂಡು ಇಳಿದ. ಪೆಟ್ಟಿಗೆ ಇನ್ನೂ ಅವನ ತೋಳಿನಲ್ಲೇ ಇತ್ತು. ಕೆಳಗಿಡಲು ಬಾಗಿದ.

"ನೆಲದ ಮೇಲೆ ಬೇಡ," ಎಂದ ಅಣ್ಣ. "ನನಗೆ ಬಗ್ಗೋಕೆ ಆಗಲ್ಲ. ಹಾಗೇ ಹಿಡ್ಕೊಂಡಿರಿ, ನೋಡ್ತೀನಿ."

ಅತ್ತಿಗೆ ಮಳೆಕೋಟನ್ನು ಅವನ ಹೆಗಲ ಮೇಲೆ ಹಾಕಿದಳು. ಅವನು ಕೊಂಡಿ ತೆಗೆದ. ಮಣ್ಣಿನ ಕೋಲುಗಳು ಇಟ್ಟಲ್ಲೇ ಇದ್ದವು. ಬಿಳಿ, ಬೂದಿ, ಕಪ್ಪು, ಎಲ್ಲಕ್ಕಿಂತ ಅಡಿಯಲ್ಲಿ ಸಿಹಿನೀರಿನ ನುಣುಪಾದ ಮರಳು. ಅವನು ಒಂದೊಂದೇ ಪದರದ ಮೇಲೆ ಬೆರಳಾಡಿಸಿದ. ಅವಸರ ಮಾಡಲಿಲ್ಲ. ದಂಡನಾಯಕನ ತೋಳುಗಳು ನಡುಗತೊಡಗಿದವು. ಗೇಟಿನ ಜನರೆಲ್ಲ ಸುತ್ತ ನಿಂತು ನೋಡುತ್ತಿದ್ದರು. ಯಾರೂ ಮೇಜು ತರಲಿಲ್ಲ.

ಮಾವ ಕಾರಿನ ಪಕ್ಕ ಕುಕ್ಕುರುಗಾಲಿನಲ್ಲಿ ಕೂತು ಟೈರುಗಳನ್ನು ಒಂದೊಂದಾಗಿ ಸವರಿ ನೋಡಿದರು. "ಗೊರಸು ಸವೆದಿಲ್ಲ," ಎಂದು ಗಟ್ಟಿಯಾಗಿಯೇ ಹೇಳಿದರು.

"ಎಷ್ಟು ಹೊತ್ತು?" ಎಂದ ದಂಡನಾಯಕ, ಹಲ್ಲು ಕಚ್ಚಿ. "ಕೂತ್ಕೊಳ್ಳೋಕಾದ್ರೂ ಏನಾದ್ರೂ ಕೊಡಿ."

ಅಣ್ಣ ಮೊದಲ ಸಲ ತಲೆ ಎತ್ತಿ ತಂಗಿಯ ಕಡೆ ನೋಡಿದ. "ಪುಟ್ಟಿ, ಇವರದೇ ಕುರ್ಚಿಗಳಿದ್ವಲ್ಲ?"

"ಗಾಡಿಯಲ್ಲಿ ಜಾಗವಿರಲಿಲ್ಲ ಅಣ್ಣ," ಎಂದಳು ಪುಟ್ಟಿ.